ಹೆಚ್ಚು ಹಾಡು ಬಲ್ಲ ಗಂಡಿಗೇ ಹೆಣ್ಣು ಒಲಿಯುತ್ತದೆಯೇ?

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಬಳಿ ಇದೆ. ಶಿವರಾತ್ರಿ ಕಳೆದಾಗಿನಿಂದ ಅಂಗಳದ ಹಲಸಿನ ಮರದ ತುದಿಯಲ್ಲಿ ಕುಳಿತು ಒಂದು ಗಂಡು ಮಡಿವಾಳ ಹಕ್ಕಿ ಬೆಳಗಿನ ಐದೂವರೆಗೇ ಹಾಡಲು ತೊಡಗುತ್ತದೆ. ದಿನಕ್ಕೊಂದು ಹೊಸ ಪಲುಕು ಸೇರಿಸಿದಂತೆ ಕೇಳುತ್ತದೆ. ಬಾವಿಯ ಆಚೆ ನೆರೆಮನೆಯವರ ತೋಟದಲ್ಲಿ ಇನ್ನೊಂದು ಗಂಡು ಇದೆ. ಅದು ನಾಲ್ಕೈದು ಪಲುಕುಗಳನ್ನೇ ಮತ್ತೆ ಮತ್ತೆ ಹೇಳುತ್ತದೆ. ಹೆಚ್ಚು ಹಾಡು ಬಲ್ಲ ಗಂಡನ್ನೇ ಹೆಣ್ಣು ಆರಿಸುತ್ತದೆ ಎಂದು ಪಿಯುಸಿ ಓದುವ ಮಗಳು ಹೇಳುತ್ತಾಳೆ. ಆದರೆ ಈ ವರ್ಷ ಮೊದಲು ಜೋಡಿಯಾಗಿ ಗೂಡು ಹಿಡಿದದ್ದು ನೆರೆಮನೆಯ ಗಂಡು, ಅವರ ಹಳೆಯ ಮುರಕಲ್ಲಿನ ಗೋಡೆಯ ಪೊಟರೆಯಲ್ಲಿ. ಮಗಳು ಹೇಳಿದ್ದು ಸರಿಯೇ? ಇನ್ನೊಂದು ಸಂಶಯವಿದೆ. ಕಳೆದ ವಾರ ಆ ಗೋಡೆಯ ಬಳಿ ಬೇರೊಂದು ಹೆಣ್ಣು ಬಂದಾಗ ಗೂಡಿನ ಹೆಣ್ಣು ಹಾಡಿದ್ದನ್ನು ಕೇಳಿದೆ. ಹೆಣ್ಣು ಹಾಡುವುದುಂಟೇ?

ಉತ್ತರ: ನಿಮ್ಮ ಮಗಳು ಹೇಳಿದ್ದು ಕೆಲವು ಹಕ್ಕಿಗಳ ಮಟ್ಟಿಗೆ ಚೆನ್ನಾಗಿ ಸಾಬೀತಾದ ಮಾತು. ಎಲ್ಲ ಹಾಡುಹಕ್ಕಿಗಳಿಗೂ ಹೊಂದುವ ಸೂತ್ರ ಅದಲ್ಲ. ಪಠ್ಯಪುಸ್ತಕಗಳಲ್ಲಿ ಅದು ಸೂತ್ರದಂತೆ ಅಚ್ಚಾಗಿರುವುದು ನನಗೆ ಬಹಳ ದಿನಗಳಿಂದ ಇರುವ ಬೇಸರ. ಏಕೆಂದರೆ ಆ ಒಂದು ಸಾಲಿನ ಹಿಂದಿರುವ ಕಥೆ ಸಾಲಿಗಿಂತ ಎಷ್ಟೋ ಪಾಲು ಚೆಲುವಾದದ್ದು. ನಿಮ್ಮ ಅಂಗಳದ ಒಗಟು ಆ ಕಥೆಯೊಳಗೇ ಇದೆ.

ಮೊದಲು ಒಂದು ಸಣ್ಣ ವಿಂಗಡಣೆ. ನಮ್ಮ ಕವಿಗಳೆಲ್ಲ ಹಾಡಿನ ಪಟ್ಟ ಕಟ್ಟಿದ್ದು ಕೋಗಿಲೆಗೆ. ಜೀವವಿಜ್ಞಾನದ ಲೆಕ್ಕದಲ್ಲಿ ಕೋಗಿಲೆ ಹಾಡುಹಕ್ಕಿಗಳ ಗುಂಪಿಗೆ ಸೇರುವುದಿಲ್ಲ. ಅದರ ಮರಿ ಕಾಗೆಯ ಗೂಡಿನಲ್ಲಿ ಕಣ್ಣು ಬಿಟ್ಟು, ಕಾಗೆ ತಂದ ತುತ್ತು ತಿಂದು, ಕಾಗೆಯ ಕೂಗನ್ನೇ ಕೇಳುತ್ತ ಬೆಳೆಯುತ್ತದೆ. ಆದರೂ ದೊಡ್ಡದಾದ ಮೇಲೆ ಕುಹೂ ಎಂದೇ ಕೂಗುತ್ತದೆ. ಆ ಕೂಗು ಹುಟ್ಟಿನಿಂದಲೇ ಬಂದದ್ದು, ಯಾರೂ ಕಲಿಸಬೇಕಾಗಿಲ್ಲ. ಮಡಿವಾಳ, ಪಿಕಳಾರ, ಸೂರಕ್ಕಿ, ಗೀಜಗ ಇವು ಹಾಡುಹಕ್ಕಿಗಳ ಕುಲದವು. ಈ ಕುಲದಲ್ಲಿ ಹಾಡು ಕಲಿತು ಬರುವ ವಿದ್ಯೆ. ಮರಿ ತನ್ನ ಸುತ್ತಲಿನ ದೊಡ್ಡ ಹಕ್ಕಿಗಳ ಹಾಡನ್ನು ಕೇಳಿ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಮುಂದೆ ಮೊದಮೊದಲು ತೊದಲುತ್ತ, ತನ್ನ ದನಿಯನ್ನು ತಾನೇ ಕೇಳಿ ತಿದ್ದಿಕೊಳ್ಳುತ್ತ ಹಾಡನ್ನು ಕೂಡಿಸಿಕೊಳ್ಳುತ್ತದೆ. ಅಮೆರಿಕದ ಬಿಳಿನೆತ್ತಿಯ ಗುಬ್ಬಿಗಳನ್ನು ಪೀಟರ್ ಮಾರ್ಲರ್ ಪ್ರಯೋಗಾಲಯದಲ್ಲಿ ಸಾಕಿ ನೋಡಿದರು. ಮೊಟ್ಟೆಯೊಡೆದ ಮೇಲಿನ ಸುಮಾರು 10ರಿಂದ 50 ದಿನಗಳ ನಡುವೆ ಕೇಳಿದ ಹಾಡೇ ಅವುಗಳಲ್ಲಿ ನಿಲ್ಲುತ್ತದೆ ಎಂದು ಅವರಿಗೆ ಕಂಡಿತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಈ ಗುಬ್ಬಿಗಳಿಗೆ ಊರಿಗೊಂದು ಹಾಡಿನ ಧಾಟಿ ಇರುವುದನ್ನು 1960ರ ದಶಕದಲ್ಲೇ ಮಾರ್ಲರ್ ಮತ್ತು ತಮುರಾ ದಾಖಲಿಸಿದ್ದರು. ನಮ್ಮ ಜಿಲ್ಲೆಗಳಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯಕ್ಷಗಾನ ಒಂದೇ ಆದರೂ ಭಾಗವತರು ಎರಡು ಪದ ಹಾಡುವಷ್ಟರಲ್ಲಿ ತೆಂಕುತಿಟ್ಟೋ ಬಡಗುತಿಟ್ಟೋ ಎಂದು ಮಕ್ಕಳೂ ಹೇಳಬಲ್ಲ ಊರು ನಮ್ಮದು.

ಕಲಿಯುವ ವಿದ್ಯೆ ಎಂದ ಮೇಲೆ ಕಲಿತವರಲ್ಲಿ ಹೆಚ್ಚು ಕಡಿಮೆ ಇರುತ್ತದೆ. ಬಿಳಿನೆತ್ತಿಯ ಗುಬ್ಬಿಗೆ ಸಾಮಾನ್ಯವಾಗಿ ಒಂದೇ ಹಾಡು. ಯುರೋಪಿನ ನೈಟಿಂಗೇಲ್ ಗಂಡು ಸುಮಾರು 180 ಬಗೆಯ ಹಾಡುಗಳನ್ನು ಬಲ್ಲದು. ಅಮೆರಿಕದ ಕಂದು ಥ್ರ್ಯಾಷರ್ ಎಂಬ ಹಕ್ಕಿಯದು ಸಾವಿರವನ್ನೂ ಮೀರುತ್ತದೆ. ಒಂದೇ ಜಾತಿಯೊಳಗೂ ಒಂದು ಗಂಡಿನ ಹಾಡಿನ ಭಂಡಾರ ದೊಡ್ಡದು, ಇನ್ನೊಂದರದು ಚಿಕ್ಕದು. ಹೆಣ್ಣು ಈ ಅಂತರಕ್ಕೆ ಕಿವಿಗೊಡುತ್ತದೆಯೇ ಎಂಬುದೇ ನಿಮ್ಮ ಮಗಳ ಮಾತಿನ ಮೂಲದಲ್ಲಿರುವ ಪ್ರಶ್ನೆ. ಗಂಡುಗಳ ಬಣ್ಣ, ಬಾಲ, ಹಾಡು ಇವೆಲ್ಲ ಹೆಣ್ಣುಗಳ ಆಯ್ಕೆಯಿಂದ ತಲೆಮಾರುಗಳಲ್ಲಿ ಬೆಳೆದು ಬಂದಿರಬಹುದು ಎಂದು ಡಾರ್ವಿನ್ 1871ರಲ್ಲೇ ಬರೆದಿದ್ದರು. ಅದನ್ನು ಹಕ್ಕಿಗಳ ಬಾಯಿಂದಲೇ ಹೇಳಿಸಲು ನೂರು ವರ್ಷ ಹಿಡಿಯಿತು.

ಪರ ಸಾಕ್ಷ್ಯಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಸೆಜ್ ವಾರ್ಬ್ಲರ್ ಎಂಬ ಉಲಿಯಕ್ಕಿಯದು. ಇದರ ಹತ್ತಿರದ ನೆಂಟ ನಿಮ್ಮ ಬೇಲಿಯಲ್ಲೇ ಚಳಿಗಾಲ ಕಳೆಯುತ್ತದೆ. ಮಳೆಗಾಲ ಮುಗಿದ ಮೇಲೆ ಪೊದೆಗಳ ಒಳಗಿನಿಂದ ನಾಲಗೆ ಲೊಟಗುಟ್ಟಿದಂತೆ ಚಕ್, ಚಕ್ ಎಂದು ಕೇಳಿಸುವ, ಕಣ್ಣಿಗೆ ಬೀಳದ ಕಂದು ಹಕ್ಕಿ ಅದು, ಬ್ಲೈತ್‌ನ ಜೊಂಡು ಉಲಿಯಕ್ಕಿ. ಇಲ್ಲಿ ಚಕ್ ಎನ್ನುವುದರಲ್ಲೇ ದಿನ ಕಳೆಯುವ ಅದು ಮರಿ ಮಾಡಲು ಉತ್ತರದ ನಾಡುಗಳಿಗೆ ಹೋದಾಗ ಬೇರೆ ಹಕ್ಕಿಗಳ ದನಿಗಳನ್ನೆಲ್ಲ ಹೆಣೆದು ಗಂಟೆಗಟ್ಟಲೆ ಹಾಡುತ್ತದೆ. ಅದೇ ಕುಲದ ಸೆಜ್ ವಾರ್ಬ್ಲರ್ ಆಫ್ರಿಕದಲ್ಲಿ ಚಳಿಗಾಲ ಕಳೆದು ಇಂಗ್ಲೆಂಡಿಗೆ ಮರಳುತ್ತದೆ. ಅಲ್ಲಿ ಅದನ್ನು ಅಧ್ಯಯನ ಮಾಡಿದ ಕ್ಲೈವ್ ಕ್ಯಾಚ್‌ಪೋಲ್ ಗಮನಿಸಿದ ಮೊದಲ ಸಂಗತಿ, ಜೊತೆ ಸಿಕ್ಕಿದ ಕೂಡಲೇ ಗಂಡು ಹಾಡುವುದನ್ನು ನಿಲ್ಲಿಸುತ್ತದೆ ಎಂಬುದು. ಹಾಡು ಯಾರಿಗಾಗಿ ಎಂಬುದಕ್ಕೆ ಇದಕ್ಕಿಂತ ನೇರವಾದ ಸುಳಿವು ಸಿಗುವುದು ಕಷ್ಟ. 1980ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ, ಹಾಡಿನಲ್ಲಿ ಹೆಚ್ಚು ವೈವಿಧ್ಯವಿದ್ದ ಗಂಡುಗಳಿಗೆ ಹೆಣ್ಣು ಬೇಗ ಸಿಕ್ಕಿತ್ತು. ಬೇಗ ಜೋಡಿಯಾದರೆ ಮರಿಗಳು ಬೇಗ ಹೊರಬರುತ್ತವೆ. ಬೇಸಿಗೆ ಚಿಕ್ಕದಾದ ನಾಡಿನಲ್ಲಿ ಒಂದು ವಾರವೂ ದೊಡ್ಡ ಲಾಭ.

ಸ್ವೀಡನ್ನಿನ ಕ್ವಿಸ್ಮಾರೆನ್ ಸರೋವರದ ದೊಡ್ಡ ಜೊಂಡು ಉಲಿಯಕ್ಕಿಗಳ ಕಥೆ ಇನ್ನೂ ಮುಂದಕ್ಕೆ ಹೋಗುತ್ತದೆ. ಹಾಸೆಲ್‌ಕ್ವಿಸ್ಟ್ ಮತ್ತು ಜೊತೆಗಾರರು ಅಲ್ಲಿ ಮರಿಗಳ ಡಿಎನ್‌ಎ ಪರೀಕ್ಷಿಸಿದಾಗ ಕೆಲವು ಮರಿಗಳ ತಂದೆ ಗೂಡಿನ ಯಜಮಾನನಲ್ಲ, ನೆರೆಯ ಗಂಡು ಎಂದು ತಿಳಿಯಿತು. ಅಂಥ ಪ್ರತಿಯೊಂದು ಪ್ರಸಂಗದಲ್ಲೂ ಆ ನೆರೆಯ ಗಂಡಿನ ಹಾಡಿನ ಭಂಡಾರ ಗೂಡಿನ ಗಂಡಿನದಕ್ಕಿಂತ ದೊಡ್ಡದಾಗಿತ್ತು. ದೊಡ್ಡ ಭಂಡಾರದ ತಂದೆಗೆ ಹುಟ್ಟಿದ ಮರಿಗಳು ಗೂಡು ಬಿಟ್ಟ ಮೇಲೆ ಹೆಚ್ಚಾಗಿ ಬದುಕಿ ಉಳಿದಿದ್ದವು. 1996ರಲ್ಲಿ ಇದು ಪ್ರಕಟವಾದಾಗ ನಿಮ್ಮ ಮಗಳ ವಾಕ್ಯ ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿ ಕುಳಿತುಕೊಂಡಿತು.

ಆ ವಾಕ್ಯವನ್ನು ಅಲುಗಾಡಿಸಿದವರಲ್ಲಿ ಒಬ್ಬರು ಅದನ್ನು ಕಟ್ಟಲು ಮೊದಲು ಕಲ್ಲು ಹೊತ್ತವರೇ. ಡಾನಲ್ಡ್ ಕ್ರೂಡ್ಸ್‌ಮಾ 1976ರಲ್ಲಿ ಕ್ಯಾನರಿ ಎಂಬ ಸಾಕು ಹಾಡುಹಕ್ಕಿಯ ಹೆಣ್ಣುಗಳಿಗೆ ಧ್ವನಿಮುದ್ರಿತ ಹಾಡು ಕೇಳಿಸಿದ್ದರು. ವೈವಿಧ್ಯವುಳ್ಳ ಹಾಡು ಕೇಳಿದ ಹೆಣ್ಣುಗಳು ಬೇಗ ಗೂಡು ಕಟ್ಟಿ ಹೆಚ್ಚು ಮೊಟ್ಟೆ ಇಟ್ಟವು. ಎಷ್ಟೋ ಮಂದಿ ಈ ದಾರಿ ಹಿಡಿಯಲು ಆ ಪ್ರಯೋಗವೇ ಪ್ರೇರಣೆ. ಅದೇ ಕ್ರೂಡ್ಸ್‌ಮಾ 2009ರಲ್ಲಿ ಬ್ರೂಸ್ ಬೈಯರ್ಸ್ ಜೊತೆ ಸೇರಿ ಅಲ್ಲಿಯವರೆಗಿನ ಸಾಕ್ಷ್ಯಗಳನ್ನೆಲ್ಲ ಮತ್ತೆ ಜಾಲಾಡಿದರು. ಪಂಜರದಲ್ಲಿ ಹಾರ್ಮೋನು ಕೊಟ್ಟು ಸಿದ್ಧಗೊಳಿಸಿದ ಹೆಣ್ಣು ಧ್ವನಿವರ್ಧಕಕ್ಕೆ ತೋರುವ ಉತ್ಸಾಹವೇ ಬೇರೆ, ಕಾಡಿನಲ್ಲಿ ಗಂಡನ್ನು ಆರಿಸಿ ಅದರೊಡನೆ ಮರಿ ಬೆಳೆಸುವುದೇ ಬೇರೆ ಎಂದು ಅವರು ತೋರಿಸಿದರು. ಕಾಡಿನಲ್ಲಿ ನೋಡಿದಾಗ, ದೊಡ್ಡ ಭಂಡಾರವೆಂಬ ಒಂದೇ ಕಾರಣಕ್ಕೆ ಹೆಣ್ಣು ಗಂಡನ್ನು ಆರಿಸುವುದು ವ್ಯಾಪಕವಾದ ಸಂಗತಿಯಲ್ಲ ಎಂಬುದು ಅವರ ತೀರ್ಮಾನ. 2011ರಲ್ಲಿ ಸೋಮಾ ಮತ್ತು ಗರಾಮ್‌ಸೆಗಿ ಅನೇಕ ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದರು. ಹಾಡಿನ ವೈವಿಧ್ಯಕ್ಕೂ ಸಂತಾನದ ಯಶಸ್ಸಿಗೂ ನಂಟು ಇದೆ, ಆದರೆ ಅದು ದುರ್ಬಲ ಎಂದು ಕಂಡಿತು. ತಾನು ಹಾಕಿದ ಬುನಾದಿಯನ್ನು ಮೂವತ್ತು ವರ್ಷಗಳ ನಂತರ ತಾನೇ ತಟ್ಟಿ ಪರೀಕ್ಷಿಸಿದ ಕ್ರೂಡ್ಸ್‌ಮಾ ಅವರ ನಡೆಯನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ನಿಮ್ಮ ಮಗಳಿಗೂ ಹೇಳಿ.

ಹಾಗಾದರೆ ಅಷ್ಟೊಂದು ಹಾಡು ಏಕೆ? ಒಂದು ಉತ್ತರ ಗಂಡುಗಳ ನಡುವಿನ ಗಡಿ ವ್ಯಾಜ್ಯದಲ್ಲಿದೆ. 1970ರ ದಶಕದಲ್ಲಿ ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ ಜಾನ್ ಕ್ರೆಬ್ಸ್ ಗ್ರೇಟ್ ಟಿಟ್ ಹಕ್ಕಿಗಳನ್ನು ಅವುಗಳ ಜಾಗದಿಂದ ತೆಗೆದು ಅಲ್ಲಿ ಧ್ವನಿವರ್ಧಕಗಳನ್ನು ಇಟ್ಟರು. ಮೌನವಾಗಿದ್ದ ಜಾಗಕ್ಕೆ ಹೊಸ ಗಂಡುಗಳು ಬೇಗ ನುಗ್ಗಿದವು. ಒಂದೇ ಹಾಡು ಕೇಳುತ್ತಿದ್ದ ಜಾಗಕ್ಕೆ ಸ್ವಲ್ಪ ತಡವಾಗಿ ಬಂದವು. ಹಲವು ಹಾಡುಗಳು ಕೇಳುತ್ತಿದ್ದ ಜಾಗ ಬಹಳ ಹೊತ್ತು ಖಾಲಿಯೇ ಉಳಿಯಿತು. ಒಳಗೆ ಒಂದು ಹಕ್ಕಿಯೂ ಇರಲಿಲ್ಲ, ಕಾವಲು ಕಾದದ್ದು ಬರೀ ಹಾಡು. ಮಡಿವಾಳ ತನ್ನ ಗಡಿಯನ್ನು ಬಹಳ ಹಚ್ಚಿಕೊಂಡ ಹಕ್ಕಿ. ಹರಿದ್ವಾರದ ಗುರುಕುಲ ಕಾಂಗಡಿ ವಿಶ್ವವಿದ್ಯಾಲಯದ ದಿನೇಶ್ ಭಟ್ ಮತ್ತು ಜೊತೆಗಾರರು ಮಡಿವಾಳದ ಹಾಡು ಕೂಗುಗಳ ಬಗ್ಗೆ 2000ದಲ್ಲಿ ಪ್ರಕಟಿಸಿದ ಅಧ್ಯಯನವೂ ಗಡಿ ಕಾಯುವ ಹಾಡುಗಳ ಕುರಿತದ್ದೇ. ನಿಮ್ಮ ಹಲಸಿನ ಮರದ ಗಾಯಕ ಹೆಣ್ಣನ್ನು ಕರೆಯುತ್ತಿರುವುದರ ಜೊತೆಗೆ, ಬಾವಿಯ ಆಚೆಗಿನ ನೆರೆಯವನಿಗೆ ಎಚ್ಚರಿಕೆಯನ್ನೂ ಕೊಡುತ್ತಿರುತ್ತದೆ. ತಾಳಮದ್ದಳೆಯಲ್ಲಿ ಅರ್ಥಧಾರಿ ಆಡುವ ಮಾತು ಎದುರು ಕುಳಿತ ಪಾತ್ರಕ್ಕೂ ಸಲ್ಲುತ್ತದೆ, ಕೇಳುತ್ತಿರುವ ಸಭೆಗೂ ಸಲ್ಲುತ್ತದೆ. ಮಡಿವಾಳದ ಹಾಡೂ ಅದೇ ರೀತಿ ಇಬ್ಬರಿಗೆ ಸಲ್ಲುವ ಮಾತು.

ಹೆಣ್ಣಿನ ಕಿವಿಗೆ ಎಣಿಕೆಗಿಂತ ಹೆಚ್ಚು ಮುಖ್ಯವಾದ ಇನ್ನೊಂದು ಇದೆ, ಹಾಡುವ ಕಸುಬು. ಹಕ್ಕಿಯ ದನಿಪೆಟ್ಟಿಗೆ ಇರುವುದು ಗಂಟಲಿನಲ್ಲಲ್ಲ, ಎದೆಯ ಹತ್ತಿರ ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ. ಎರಡೂ ಕವಲುಗಳು ಬೇರೆ ಬೇರೆಯಾಗಿ ದನಿ ಹೊರಡಿಸಬಲ್ಲವು. ಕ್ಯಾನರಿಗಳಲ್ಲಿ ಎರಡು ಸ್ವರಗಳನ್ನು ಜೋಡಿಸಿ ಸೆಕೆಂಡಿಗೆ 15ಕ್ಕೂ ಹೆಚ್ಚು ಬಾರಿ ಉದುರಿಸುವ ಒಂದು ಬಗೆಯ ಪಲುಕು ಇದೆ. ಅದನ್ನು ಹಾಡಲು ಎರಡು ಕವಲುಗಳೂ ಉಸಿರೂ ಕೂದಲೆಳೆಯಷ್ಟೂ ತಪ್ಪದೆ ಹೊಂದಿಕೊಳ್ಳಬೇಕು. ಹೆಣ್ಣು ಕ್ಯಾನರಿ ಮಿಕ್ಕೆಲ್ಲ ಪಲುಕುಗಳಿಗಿಂತ ಇದಕ್ಕೇ ಹೆಚ್ಚು ಮನಸೋಲುತ್ತದೆ ಎಂದು ಪ್ಯಾರಿಸ್ ಬಳಿಯ ನಾಂತೇರ್‌ನಲ್ಲಿ ವಾಲೆ ಮತ್ತು ಕ್ರೂಟ್ಸರ್ 1990ರ ದಶಕದಲ್ಲಿ ತೋರಿಸಿದರು. ನೂರು ಪದ ಗೊತ್ತಿರುವ ಭಾಗವತರಿಗಿಂತ ಒಂದು ಪದವನ್ನು ಏರು ಶ್ರುತಿಯಲ್ಲಿ ತಾಳ ತಪ್ಪದೆ ನಿಲ್ಲಿಸಬಲ್ಲವರಿಗೆ ಸಭೆ ಕಿವಿ ನಿಮಿರಿಸುವುದನ್ನು ನೀವು ನೋಡಿರುತ್ತೀರಿ.

ಸಂಖ್ಯೆಯಾಗಲಿ ಕಸುಬಾಗಲಿ, ಅದನ್ನು ನಂಬಿ ಆರಿಸಿದ ಹೆಣ್ಣಿಗೆ ಸಿಗುವುದೇನು? ಇಲ್ಲಿ ಸ್ಟೀವನ್ ನೊವಿಕಿ ಮತ್ತು ಜೊತೆಗಾರರು 1998ರಲ್ಲಿ ಮುಂದಿಟ್ಟ ವಿಚಾರ ನನ್ನ ಮನಸ್ಸಿಗೆ ಬಹಳ ಹಿಡಿಸಿದೆ. ಹಾಡನ್ನು ಕಲಿಯುವ ಮಿದುಳಿನ ಭಾಗಗಳು ಬೆಳೆಯುವುದು ಹಕ್ಕಿ ಮರಿಯಾಗಿರುವ ಆರಂಭದ ವಾರಗಳಲ್ಲಿ. ಗೂಡಿನಲ್ಲಿ ಹೊಟ್ಟೆಗೆ ಸಾಲದೆ ಹೋಗುವುದೂ ರೋಗ ತಗಲುವುದೂ ಅದೇ ಸಮಯದಲ್ಲಿ. ಆ ವಾರಗಳಲ್ಲಿ ಬಡವಾದ ಮರಿ ಮುಂದೆ ಎಷ್ಟೇ ಉಂಡು ದುಂಡಗಾದರೂ ಕಲಿತ ಹಾಡಿನಲ್ಲಿ ಆ ಕೊರತೆಯ ಗುರುತು ಉಳಿಯುತ್ತದೆ. ಜೌಗುಗುಬ್ಬಿಯ ಮರಿಗಳಿಗೆ ಕಡಿಮೆ ಉಣಿಸಿ ಬೆಳೆಸಿದ ಪ್ರಯೋಗದಲ್ಲಿ ಅವು ಕೇಳಿದ ಹಾಡನ್ನು ಅಷ್ಟು ನಿಖರವಾಗಿ ನಕಲು ಮಾಡಲಿಲ್ಲ. ಹಾಡನ್ನು ಚೆನ್ನಾಗಿ ಕಲಿತ ಗಂಡಿಗೆ ಹೆಣ್ಣು ಹೆಚ್ಚು ಸ್ಪಂದಿಸುತ್ತದೆ ಎಂದು ಹಾಡುಗುಬ್ಬಿಗಳಲ್ಲಿ ಅದೇ ಗುಂಪಿನವರು ತೋರಿಸಿದ್ದಾರೆ. ಅಂದರೆ ಗಂಡಿನ ಬಾಲ್ಯ ಹೇಗೆ ಕಳೆಯಿತು ಎಂಬುದು ಅದರ ಹಾಡಿನಲ್ಲೇ ಕೇಳಿಸುತ್ತದೆ. ನಮ್ಮ ಕಿವಿಗೆ ನಿಲುಕದ ಆ ಸಮಾಚಾರ ಹೆಣ್ಣಿನ ಕಿವಿಗೆ ನಿಲುಕುತ್ತದೆ. ಎಷ್ಟೋ ಜಾತಿಗಳಲ್ಲಿ ವಯಸ್ಸಾದಂತೆ ಭಂಡಾರವೂ ಬೆಳೆಯುವುದರಿಂದ, ಹಲವು ವರ್ಷ ಬದುಕಿ ಬಂದ ಅನುಭವಿ ಗಂಡನ್ನು ಗುರುತಿಸಲೂ ಅದು ನೆರವಾಗುತ್ತದೆ.

ಇನ್ನು ನಿಮ್ಮ ಅಂಗಳಕ್ಕೆ ಬರೋಣ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕಗಳ ಹಕ್ಕಿಗಳ ಮೇಲೆ ನಡೆದವು. ಅವುಗಳ ಫಲಿತಾಂಶವನ್ನು ಎತ್ತಿ ಮಡಿವಾಳದ ಹೆಗಲಿಗೆ ಹಾಗೆಯೇ ಹೊರಿಸುವುದು ಸರಿಯಲ್ಲ. ಆದರೆ ನೀವು ಬರೆದ ವಿವರಗಳು ಎರಡು ದಿಕ್ಕಿಗೆ ಕೈ ತೋರಿಸುತ್ತವೆ.

ಒಂದು, ಪೊಟರೆ. ಮಡಿವಾಳ ಮರದ ಪೊಟರೆಯಲ್ಲಿ, ಗೋಡೆಯ ಸಂದಿಯಲ್ಲಿ ಗೂಡು ಮಾಡುವ ಹಕ್ಕಿ. ಗೂಡು ಕಟ್ಟುವ ಕೆಲಸದ ದೊಡ್ಡ ಪಾಲು ಹೆಣ್ಣಿನದು. ಕಾವು ಕೂರುವುದಂತೂ ಪೂರ್ತಿ ಹೆಣ್ಣಿನದೇ. ನಾಲ್ಕೈದು ಮೊಟ್ಟೆಗಳ ಮೇಲೆ ಸುಮಾರು ಎರಡು ವಾರ ಕೂರಬೇಕಾದ ಹೆಣ್ಣಿಗೆ ಬೆಕ್ಕು, ಹಾವು, ಮಳೆ ತಲುಪದ ಜಾಗ ಸಿಗುವುದು ಸಣ್ಣ ವಿಷಯವಲ್ಲ. ಯುರೋಪಿನಲ್ಲಿ ಹೀಗೆಯೇ ಪೊಟರೆಯಲ್ಲಿ ಗೂಡು ಮಾಡುವ ಕಪ್ಪು-ಬಿಳುಪು ನೊಣಹಿಡುಕ ಹಕ್ಕಿಯ ಮೇಲೆ 1986ರಲ್ಲಿ ಎರಡು ಅಧ್ಯಯನಗಳು ಪ್ರಕಟವಾದವು. ಒಂದರಲ್ಲಿ ಎರಿಕ್ಸನ್ ಮತ್ತು ವಾಲಿನ್ ಗೂಡುಪೆಟ್ಟಿಗೆಗಳ ಬಳಿ ಗಂಡಿನ ಬೊಂಬೆ ಇಟ್ಟು, ಕೆಲವು ಪೆಟ್ಟಿಗೆಗಳಲ್ಲಿ ಮಾತ್ರ ಹಾಡು ಕೇಳಿಸಿದರು. ಬಂದು ಸಿಕ್ಕಿಬಿದ್ದ 10 ಹೆಣ್ಣುಗಳಲ್ಲಿ 9 ಹಾಡುವ ಪೆಟ್ಟಿಗೆಗೇ ಬಂದಿದ್ದವು. ಇನ್ನೊಂದರಲ್ಲಿ ಅಲಟಾಲೊ ಮತ್ತು ಜೊತೆಗಾರರು ಕಂಡದ್ದು, ಹೆಣ್ಣು ನೋಡುವುದು ಜಾಗದ ಗುಣವನ್ನೇ ಹೊರತು ಗಂಡಿನ ಲಕ್ಷಣಗಳನ್ನಲ್ಲ ಎಂದು. ಎರಡೂ ನಿಜವಾಗಿರಲು ಅಡ್ಡಿಯಿಲ್ಲ. ದೂರದಿಂದ ಕರೆತರುವುದು ಹಾಡು, ಹತ್ತಿರ ಬಂದ ಮೇಲೆ ನಿಲ್ಲಿಸುವುದು ಪೊಟರೆ. ನಮ್ಮ ಗೀಜಗಗಳಲ್ಲೂ ಹೀಗೆಯೇ. ಗಂಡು ಎಷ್ಟೇ ನಾಜೂಕಾಗಿ ನೇಯ್ದಿರಲಿ, ಹೆಣ್ಣು ಗೂಡು ತೂಗುವ ಜಾಗಕ್ಕೆ ಹೆಚ್ಚು ಬೆಲೆ ಕೊಡುತ್ತದೆ ಎಂದು ಸುಹೇಲ್ ಕ್ವಾದರ್ ಅವರ ಅಧ್ಯಯನ ತೋರಿಸಿದೆ. ನಿಮ್ಮ ನೆರೆಯವರ ಹಳೆಯ ಮುರಕಲ್ಲಿನ ಗೋಡೆ ಆ ಗಂಡಿಗೆ ದೊಡ್ಡ ಆಸ್ತಿ. ಸಿಮೆಂಟು ಸಾರಿಸಿದ ಹೊಸ ಮನೆಗಳಲ್ಲಿ ಅಂಥ ಸಂದಿಗಳು ಉಳಿಯುವುದಿಲ್ಲ. ಅವರು ಆ ಗೋಡೆಯನ್ನು ಕೆಡವುವ ಯೋಚನೆಯಲ್ಲಿದ್ದರೆ ಮಳೆಗಾಲ ಕಳೆಯುವವರೆಗಾದರೂ ತಡೆಯಲು ಹೇಳಿ.

ಎರಡನೆಯದನ್ನು ನಾನು ಹೆಚ್ಚು ನಂಬುತ್ತೇನೆ. ನೆರೆಮನೆಯ ಗಂಡು ಕಡಿಮೆ ಹಾಡುತ್ತಿರುವುದು ಅದಕ್ಕೆ ಜೊತೆ ಸಿಕ್ಕಿರುವುದರಿಂದಲೇ ಇರಬಹುದು. ಅನೇಕ ಹಾಡುಹಕ್ಕಿಗಳಲ್ಲಿ ಒಂಟಿ ಗಂಡು ದಿನವಿಡೀ ಹಾಡುತ್ತದೆ, ಜೋಡಿಯಾದ ಗಂಡಿನ ಹಾಡು ಇಳಿಯುತ್ತದೆ. ಸೆಜ್ ವಾರ್ಬ್ಲರ್‌ನ ಮೌನವನ್ನು ನೆನಪಿಸಿಕೊಳ್ಳಿ. ಕಡಿಮೆ ಹಾಡುವ ಹಕ್ಕಿಯಿಂದ ನಮಗೆ ಕೇಳಿಸುವ ಬಗೆಗಳೂ ಕಡಿಮೆ. ನೀವು ಕೇಳಿದ ನಾಲ್ಕೈದು ಪಲುಕುಗಳು ಅದರ ಭಂಡಾರದ ಬಾಗಿಲು ಮಾತ್ರ ಆಗಿರಬಹುದು. ಕೊಣಾಜೆಯ ಗುಡ್ಡೆಯಲ್ಲಿ ಬೆಳಗಿನ ಜಾವ ಧ್ವನಿಮುದ್ರಣಕ್ಕೆ ನಿಂತ ದಿನಗಳಲ್ಲಿ ನಾನು ಮೊದಲು ಕಲಿತ ಪಾಠ ಇದು. ಹತ್ತು ನಿಮಿಷ ಕೇಳಿ ಬಡಹಾಡಿನ ಹಕ್ಕಿ ಎಂದು ಬರೆದುಕೊಂಡ ಗಂಡು ಒಂದು ವಾರದ ನಂತರ ಅದೇ ಕೊಂಬೆಯಲ್ಲಿ ಕುಳಿತು ಟುವ್ವಿ ಹಕ್ಕಿಯ ಕರೆಯನ್ನೂ ಪಿಕಳಾರದ ಕರೆಯನ್ನೂ ಪೋಣಿಸಿ ಹಾಡಿತ್ತು.

ಭಂಡಾರ ಅಳೆಯಬೇಕಾದರೆ ಮೊಬೈಲಿನಲ್ಲಿ ಬೆಳಗಿನ ಹಾಡನ್ನು ದಿನಕ್ಕೆ ಅರ್ಧ ಗಂಟೆ ಮುದ್ರಿಸಿಕೊಳ್ಳಿ, ಹೆದ್ದಾರಿಯ ಸದ್ದು ಏಳುವ ಮುಂಚೆಯೇ. ವಾಹನಗಳ ಗುಡುಗು ತಗ್ಗಿನ ಸ್ವರಗಳನ್ನು ನುಂಗಿಬಿಡುತ್ತದೆ. ಪ್ರತಿಯೊಂದು ಹೊಸ ಪಲುಕಿಗೂ ಮಗಳು ಒಂದು ಹೆಸರು ಕೊಡಲಿ. ಕೇಳಿದ ಒಟ್ಟು ಪಲುಕುಗಳನ್ನು ಅಡ್ಡಗೆರೆಯಲ್ಲಿ, ಅವುಗಳಲ್ಲಿ ಅದುವರೆಗೆ ಸಿಕ್ಕ ಬೇರೆ ಬೇರೆ ಬಗೆಗಳು ಎಷ್ಟು ಎಂಬುದನ್ನು ಉದ್ದಗೆರೆಯಲ್ಲಿ ಗುರುತಿಸಿ ನಕ್ಷೆ ಬರೆಯಲಿ. ಮೊದಲು ನಕ್ಷೆ ಸರಸರ ಏರುತ್ತದೆ, ಮುಂದೆ ಹಳೆಯವೇ ಮರಳಿ ಬರಲು ತೊಡಗಿದಂತೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಮೇಲಷ್ಟೇ ಎರಡು ಗಂಡುಗಳನ್ನು ಹೋಲಿಸುವುದು ನ್ಯಾಯ. ಮುದ್ರಿಸಿದ್ದನ್ನು ಅಂಗಳದಲ್ಲಿ ಜೋರಾಗಿ ಹಾಕಿ ಕೇಳಬೇಡಿ. ತನ್ನ ಜಾಗಕ್ಕೆ ಅಪರಿಚಿತ ಗಂಡು ನುಗ್ಗಿದೆ ಎಂದು ಮಡಿವಾಳ ಕಂಗೆಟ್ಟು ಹುಡುಕುತ್ತದೆ. ಮರಿಗಳಿಗೆ ಹುಳ ತರಬೇಕಾದ ಹೊತ್ತು ಇಲ್ಲದ ಶತ್ರುವಿಗಾಗಿ ಹೋಗುತ್ತದೆ. ಇಯರ್‌ಫೋನಿನಲ್ಲಿ ಕೇಳಿ.

ಹೆಣ್ಣಿನ ಹಾಡಿನ ಬಗ್ಗೆ ನೀವು ಕೇಳಿದ್ದು ನನಗೆ ಬಹಳ ಸಂತೋಷ ತಂದಿತು, ಏಕೆಂದರೆ ಹೆಚ್ಚಿನವರು ಅದನ್ನು ಕೇಳಿಯೂ ಗಂಡು ಎಂದೇ ಬರೆದುಕೊಳ್ಳುತ್ತಾರೆ. ಹೌದು, ಹೆಣ್ಣು ಮಡಿವಾಳ ಹಾಡುತ್ತದೆ, ಗಂಡಿನಷ್ಟು ಹೆಚ್ಚಾಗಿ ಅಲ್ಲ ಅಷ್ಟೇ. ಗಂಡಿನ ಮಿರಿ ಮಿರಿ ಕಪ್ಪಿರುವ ಜಾಗದಲ್ಲಿ ಬೂದು ಬಣ್ಣ ಇರುವುದನ್ನು ನೋಡಿ ನೀವು ಸರಿಯಾಗಿಯೇ ಗುರುತಿಸಿದ್ದೀರಿ. ಹಾಡು ಗಂಡಿನ ಸೊತ್ತು ಎಂಬ ನಂಬಿಕೆ ಬೆಳೆದದ್ದು ಉತ್ತರದ ಚಳಿನಾಡುಗಳಲ್ಲಿ, ಅಲ್ಲಿನ ಸಂಶೋಧಕರ ಸುತ್ತ ಹಾಡುತ್ತಿದ್ದದ್ದು ಹೆಚ್ಚಾಗಿ ಗಂಡುಗಳೇ ಆದ್ದರಿಂದ. ಕರನ್ ಓಡಮ್ ಮತ್ತು ಜೊತೆಗಾರರು 2014ರಲ್ಲಿ ಜಗತ್ತಿನ ಬೇರೆ ಬೇರೆ ಭಾಗಗಳ ಹಾಡುಹಕ್ಕಿಗಳ ಮಾಹಿತಿ ಕಲೆಹಾಕಿದಾಗ, ಪರಿಶೀಲಿಸಿದ ಜಾತಿಗಳಲ್ಲಿ ಶೇಕಡಾ 71ರಲ್ಲಿ ಹೆಣ್ಣೂ ಹಾಡುವುದು ತಿಳಿಯಿತು. ಈ ಕುಲದ ಮೂಲ ಪೂರ್ವಜರಲ್ಲೇ ಗಂಡು ಹೆಣ್ಣು ಎರಡೂ ಹಾಡುತ್ತಿದ್ದವು, ಮುಂದೆ ಕೆಲವು ಕವಲುಗಳಲ್ಲಿ ಹೆಣ್ಣು ಹಾಡುವುದನ್ನು ಬಿಟ್ಟಿತು ಎಂಬುದು ಅವರ ನಿರ್ಣಯ. ಹೆಣ್ಣಿಗೂ ಕಾಯಬೇಕಾದ ಪೊಟರೆ ಇದೆ, ದೂರವಿಡಬೇಕಾದ ಪ್ರತಿಸ್ಪರ್ಧಿ ಇದೆ. ನೀವು ನೋಡಿದ ದಿನ ನಡೆದದ್ದು ಹೆಚ್ಚುಕಡಿಮೆ ಅದೇ ಇರಬೇಕು. ಗೋಡೆಯ ಸಂದಿಯನ್ನು ಇಣುಕಲು ಬಂದ ಬೇರೊಂದು ಹೆಣ್ಣಿಗೆ ಗೂಡಿನ ಹೆಣ್ಣು, ಈ ಮನೆಗೆ ಜನ ಇದ್ದಾರೆ ಎಂದು ತಿಳಿಸಿತು.

ಆ ಎರಡನೆಯ ಹೆಣ್ಣಿನ ಮೇಲೆ ಕಣ್ಣಿಡಿ. ಅದು ಇನ್ನೂ ಜಾಗ ಹುಡುಕುತ್ತಿದೆ. ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯವರೆಗೆ, ಮಳೆ ಹಿಡಿದು ಕೂರುವ ಮುಂಚೆ, ಅದಕ್ಕೆ ಕಾಲಾವಕಾಶವಿದೆ. ಹಲಸಿನ ಮರದಲ್ಲಿ ಎಲ್ಲಾದರೂ ಪೊಟರೆ ಇದೆಯೇ ಎಂದು ಈಗಲೇ ನೋಡಿಟ್ಟುಕೊಳ್ಳಿ. ಇಲ್ಲದಿದ್ದರೆ ಕೈಯಗಲದ ಬಾಯಿಯ ಒಂದು ಮರದ ಪೆಟ್ಟಿಗೆಯನ್ನು ಬೆಕ್ಕು ಹತ್ತದ ಎತ್ತರದಲ್ಲಿ, ನೆರಳಿನಲ್ಲಿ ಕಟ್ಟಬಹುದು. ಯಾವುದೋ ಒಂದು ಬೆಳಿಗ್ಗೆ ನಿಮ್ಮ ಗಾಯಕನ ದನಿ ಇದ್ದಕ್ಕಿದ್ದಂತೆ ಅರ್ಧಕ್ಕಿಳಿದರೆ ಗಾಬರಿಯಾಗಬೇಡಿ. ಅಂಗಳದಲ್ಲಿ ಒಣಹುಲ್ಲು, ನಾರು ಕಚ್ಚಿಕೊಂಡು ಹಾರುವ ಬೂದು ಬಣ್ಣದ ಹಕ್ಕಿ ಕಾಣುತ್ತದೆಯೇ ನೋಡಿ. ಆ ದಿನದ ತಾರೀಕನ್ನು ಮಗಳು ತನ್ನ ನಕ್ಷೆಯ ಮೇಲೆ ಬರೆದುಕೊಳ್ಳಲಿ.